ಡೈರಿ ಸೊಣ್ಣಪ್ಪನ ಸಮುದ್ರ

ಕಲ್ಲುಗುಟ್ಟಹಳ್ಳಿಗೂ ಸಮುದ್ರಕ್ಕೂ ಹಿಂದೆಂದೂ ಯಾವ ವ್ಯವಹಾರವೂ ಇರಲಿಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಊರ ಪಕ್ಕದಲ್ಲೇ ಕೂಗಿಕೊಂಡು ಹೋಗುತ್ತದೆ, ನಿಜ. ಆದರೆ ಅದು ಸಮುದ್ರದ ಕಡೆ ಹೋಗುವ ರೈಲಲ್ಲ. ಊರಿನವರು ಕಂಡ ಉಪ್ಪುನೀರು ಎಂದರೆ ಬೋರ್‌ವೆಲ್ಲಿನದು. ಅಂಥ ಊರಿನಲ್ಲಿ ಒಬ್ಬ ಮನುಷ್ಯ ತನ್ನ ಮನೆಯ ಮೂಲೆಕೋಣೆಯಲ್ಲಿ ಸಮುದ್ರ ಕಟ್ಟಲು ಹೊರಟು, ತನ್ನ ಮಾನವನ್ನು ಅದೇ ನೀರಿನಲ್ಲಿ ಮುಳುಗಿಸಿಕೊಂಡ. ಇದರಲ್ಲಿ ಮೀನಿನ ತಪ್ಪೇನೂ ಇಲ್ಲವೆಂದು ಮೊದಲೇ ಹೇಳಿಬಿಡುವುದು ನ್ಯಾಯ.

ಆ ಮನುಷ್ಯ ಸೊಣ್ಣಪ್ಪ, ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಊರವರು ತಂದ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು, ಅದು ತೇಲಿದ ಗೆರೆ ನೋಡಿ, ಡಿಗ್ರಿ ಇದೆ ಅಥವಾ ಇಲ್ಲ ಎಂದು ತೀರ್ಪು ಕೊಡುವುದು ಅವನ ಕೆಲಸ. ನೀರು ಬೆರೆತ ಹಾಲಿನಲ್ಲಿ ಆ ಗಾಜಿನ ಕಡ್ಡಿ ಮುಳುಗುತ್ತದೆ, ಗಟ್ಟಿ ಹಾಲಿನಲ್ಲಿ ತಲೆಯೆತ್ತಿ ನಿಲ್ಲುತ್ತದೆ. ಹಾಲು ಒಕ್ಕೂಟದವರು ಪರೀಕ್ಷೆಗೆಂದು ಕರೆಂಟಿನ ಮೆಷಿನ್ ಕೊಟ್ಟಿದ್ದರು. ಆದರೆ ಕರೆಂಟು ಹೋಯಿತೆಂದು ಹಸು ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲವಾದ್ದರಿಂದ ಕಡ್ಡಿಯ ಮರ್ಯಾದೆ ಹಾಗೆಯೇ ಉಳಿದಿತ್ತು. ಸೊಣ್ಣಪ್ಪ ತನ್ನ ಸ್ವಂತ ಚಿಕ್ಕಪ್ಪನ ಹಾಲನ್ನೇ ವಾಪಸ್ ಕಳಿಸಿದವನು. ತಿಂಗಳ ಹಿಂದೆ ಬಚ್ಚಪ್ಪನ ಹಾಲನ್ನು ಇಡೀ ಸಾಲಿನ ಮುಂದೆ ತಿರಸ್ಕರಿಸಿದ್ದ. ಆ ಬಚ್ಚಪ್ಪ ಕೂಡ, ಹಲ್ಲು ಕಡಿಯುತ್ತಲೇ, "ಅವನ ಕಡ್ಡಿ ಸುಳ್ಳು ಏಳಲ್ಲ ಕಣ್ಲಾ" ಎಂದು ಒಪ್ಪಿಕೊಂಡಿದ್ದ. ಸೊಣ್ಣಪ್ಪನಿಗೆ ಇದ್ದ ಆಸ್ತಿ ಎಂದರೆ ಎರಡು ಹಸು, ಒಂದಿಷ್ಟು ಹೊಲ, ಮತ್ತು ಈ ಒಂದು ಮಾತು.

ಆದರೆ ಈ ಆಸ್ತಿಗೆ ಮಾವನ ಮನೆಯಲ್ಲಿ ಬೆಲೆ ಇರಲಿಲ್ಲ. ಮಾವ ಸುಬ್ಬರಾಯಪ್ಪ ನಿವೃತ್ತ ಹೆಡ್‌ಮಾಸ್ಟರು. ಜೀವಮಾನವೆಲ್ಲ ಮಕ್ಕಳಿಗೆ ರ‍್ಯಾಂಕು ಕೊಟ್ಟ ಕೈ, ಅಳಿಯಂದಿರಿಗೂ ಕೊಡದೆ ಬಿಟ್ಟಿರಲಿಲ್ಲ. ಇದ್ದವರು ಇಬ್ಬರೇ ಅಳಿಯಂದಿರು. ಮೊದಲನೆಯ ರ‍್ಯಾಂಕು ಸದಾ ಕಿರಿಯ ಅಳಿಯ ಸುಧಾಕರನಿಗೆ. ಅವನು ಬಂಗಾರಪೇಟೆಯಲ್ಲಿ ಸೈಟು ಮಾರುವವನು, ಕಾರಿನಲ್ಲಿ ಓಡಾಡುವವನು. ಅವನ ಹೊಸ ಮನೆಯ ಗೃಹಪ್ರವೇಶದಲ್ಲಿ ಹಾಲ್ ನಡುವೆ ಒಂದು ಗಾಜಿನ ತೊಟ್ಟಿ, ಅದರಲ್ಲಿ ಕೆಂಪು ಮೀನು. ಬಂದ ನೆಂಟರೆಲ್ಲ ದೇವರಿಗಿಂತ ಮೊದಲು ಅದಕ್ಕೇ ನಮಸ್ಕಾರ ಹಾಕುವಂತಿದ್ದರು.

"ನೋಡಿ ಅಳಿಯಂದ್ರೇ," ಎಂದರು ಸುಬ್ಬರಾಯಪ್ಪನವರು ಸೊಣ್ಣಪ್ಪನ ಕಡೆ ತಿರುಗಿ, "ಮನೆ ಅಂದ್ರೆ ಹಿಂಗಿರಬೇಕು. ಅಭಿರುಚಿ ಅನ್ನೋದು ಹಾಲಿನ ಕ್ಯಾನಿನಲ್ಲಿ ಸಿಗಲ್ಲ."

ಸೊಣ್ಣಪ್ಪನ ಕಿವಿ ಬಿಸಿಯಾಯಿತು. ಬರುವಾಗ ರೈಲಿನಲ್ಲಿ ಪಕ್ಕದವನ ಫೋನಿನಲ್ಲಿ ನೋಡಿದ್ದ ಒಂದು ವಿಡಿಯೋ ನೆನಪಿಗೆ ಬಂತು: ಯಾರದೋ ಮನೆಯ ತೊಟ್ಟಿಯಲ್ಲಿ ಸಮುದ್ರದ ಬಂಡೆ, ಬಣ್ಣಬಣ್ಣದ ಹವಳ, ಅದರ ನಡುವೆ ಕಿತ್ತಳೆ ಬಣ್ಣದ ಪಟ್ಟೆ ಮೀನು. ನೆನಪಿಗೆ ಬಂದದ್ದು ನಾಲಿಗೆಗೂ ಬಂದುಬಿಟ್ಟಿತು.

"ಇದು ಸಿಹಿನೀರಿಂದು ಮಾವ. ಇದನ್ನ ಯಾರು ಬೇಕಾದ್ರೂ ಸಾಕ್ತಾರೆ. ನಾನು ನಮ್ಮನೇಲಿ ಸಮುದ್ರದ್ದೇ ಇಟ್ಟಿದ್ದೀನಿ. ಹವಳ, ಬಂಡೆ, ಎಲ್ಲಾ."

"ಸಮುದ್ರದ್ದಾ? ಯಾವಾಗಿಂದ ಅಣ್ಣಾ?" ಎಂದ ಸುಧಾಕರ.

"ನಾಲ್ಕು ವರ್ಷ ಆಯ್ತಲ್ಲ."

ಪಕ್ಕದಲ್ಲಿ ಪಾಯಸ ಕುಡಿಯುತ್ತಿದ್ದ ಹೆಂಡತಿ ಮಂಗಮ್ಮನಿಗೆ ನೆತ್ತಿಗೇರಿತು. ಮಂಡಿನೋವಿನಿಂದ ಸುಬ್ಬರಾಯಪ್ಪನವರು ಹಿರಿಮಗಳ ಮನೆಗೆ ಬರುವುದನ್ನು ಬಿಟ್ಟು ವರ್ಷಗಳಾಗಿದ್ದವು. ಸುಳ್ಳು ಅದೇ ಸಂದಿಯಲ್ಲಿ ನುಸುಳಿತ್ತು. ಆದರೆ ಸಮುದ್ರ ಎಂದ ಕೂಡಲೇ ಮುದುಕರ ಮಂಡಿಗೆ ಎಲ್ಲಿಂದಲೋ ಕಸುವು ಬಂತು. "ಹೌದಾ! ಹೇಳಲೇ ಇಲ್ಲವಲ್ಲ ನೀವು. ದೀಪಾವಳಿ ಕಳೀಲಿ, ಸುಧಾಕರನ ಕಾರಿನಲ್ಲಿ ಬಂದು ನೋಡ್ತೀನಿ" ಎಂದರು. ಮದುವೆಯಾದಾಗಿನಿಂದ ಅವರು ಸೊಣ್ಣಪ್ಪನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ನು ಸಮುದ್ರವನ್ನು ತರುವುದೊಂದೇ ದಾರಿ.

ಮಾರನೆಯ ದಿನವೇ ಸೊಣ್ಣಪ್ಪ ಆಂಡರ್ಸನ್‌ಪೇಟೆಯ ಮುನೇಶನ ಮೀನಿನ ಅಂಗಡಿಯಲ್ಲಿದ್ದ. ಮುನೇಶನ ತಾತ ಮೈಸೂರು ಮೈನ್ಸಿನಲ್ಲಿ ಭೂಮಿಯ ಹೊಟ್ಟೆಯಿಂದ ಚಿನ್ನ ತೆಗೆದವರು. "ನಾನು ಗೋಲ್ಡ್ ಫಿಶ್ ಮಾರ್ತೀನಿ, ಗೋಲ್ಡ್ ಗೋಲ್ಡೇ ಅಲ್ವಾಣ್ಣಾ" ಎನ್ನುವ ಸಂತೃಪ್ತ. ಸೊಣ್ಣಪ್ಪನ ಬೇಡಿಕೆ ಕೇಳಿ ಅವನು ಸ್ಟೂಲಿನಿಂದ ಎದ್ದು ನಿಂತು, ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿದ.

"ಅಯ್ಯೋ ಅಣ್ಣಾ, ಅದು ಮೀನು ಸಾಕೋದಲ್ಲ, ನೀರು ಸಾಕೋದು. ಫಿಲ್ಟರ್ ನೀರೇ ಆಗ್ಬೇಕು, ಬೋರ್ ನೀರು ಕೂಡಾದು. ಅದಕ್ಕೇ ಅಂತ ಬರೋ ಉಪ್ಪು ಚೆನ್ನೈಯಿಂದ ತರಿಸ್ಬೇಕು. ನೀರು ಪಕ್ವ ಆಗೋವರೆಗೂ ಕಾಯ್ಬೇಕು. ಹವಳಕ್ಕೆ ಸುಣ್ಣದ ತಿಳಿ ಬೇಕು. ಅವಸರ ಪಟ್ರೆ ಎಲ್ಲಾ ಕ್ಲೋಸ್."

ಸೊಣ್ಣಪ್ಪನಿಗೆ ಇದರಲ್ಲಿ ಕೇಳಿಸಿದ್ದು ನೀರು, ಉಪ್ಪು, ಸುಣ್ಣ. ಮೂರೂ ಊರಿನಲ್ಲೇ ಸಿಗುವ ಪದಾರ್ಥಗಳು. ಒಂದು ಹಳೆಯ ತೊಟ್ಟಿ, ಒಂದು ಪಂಪು, ಒಂದು ನೀಲಿ ದೀಪ ಕೊಂಡು, ಮೀನು ಮತ್ತು ಹವಳವನ್ನು ಚೆನ್ನೈ ರೈಲಿನಲ್ಲಿ ಬಂಗಾರಪೇಟೆಗೆ ತರಿಸಿಕೊಡುವಂತೆ ಹೇಳಿ ಹೊರಟ.

"ಅಣ್ಣಾ, ನೀರು ಎಷ್ಟು ಗಟ್ಟಿ ಐತೆ ಅಂತ ಅಳೆಯೋಕೆ ಒಂದು ಗಾಜಿನ ಕಡ್ಡಿ ಬರುತ್ತೆ, ತಗೊಂಡೋಗಿ" ಎಂದು ಮುನೇಶ ಕೂಗಿದ. ತೋರಿಸಿದ್ದನ್ನು ನೋಡಿ ಸೊಣ್ಣಪ್ಪ ನಕ್ಕುಬಿಟ್ಟ. ಅದು ಅವನ ಲ್ಯಾಕ್ಟೋಮೀಟರಿನ ಒಡಹುಟ್ಟು. ಸಮುದ್ರಕ್ಕೆ ಬೇಕಾದ ಗುರುತು ಯಾವುದೆಂದು ಕೇಳಿಕೊಂಡ. ಹಾಲಿನ ಗುರುತಿಗಿಂತ ಕೂದಲೆಳೆಯಷ್ಟು ಕೆಳಗೆ. ಅಂದರೆ ಸಮುದ್ರ ಎನ್ನುವುದು ಕೊಂಚ ತೆಳ್ಳಗಿನ ಹಸುವಿನ ಹಾಲು. ಲೋಕದಲ್ಲಿ ಈ ಸತ್ಯವನ್ನು ಕಂಡುಕೊಂಡವನು ತಾನೊಬ್ಬನೇ ಎಂಬ ಹೆಮ್ಮೆಯಲ್ಲಿ ಅವನು ರೈಲು ಹತ್ತಿದ.

ನಾಲ್ಕು ವರ್ಷ ಹಳೆಯದೆಂದು ತೋರಿಸಬೇಕಾದ ಸಮುದ್ರ ನಿನ್ನೆ ಬಂತೆಂದು ಊರಿಗೆ ಗೊತ್ತಾಗಬಾರದಷ್ಟೆ. ಆದ್ದರಿಂದ ಎಲ್ಲವೂ ಗುಟ್ಟಾಗಿ ನಡೆಯಿತು, ಅಂದರೆ ಇಡೀ ಊರು ನೋಡುವಂತೆ ನಡೆಯಿತು. ಕಾಸು ಹಾಕಿ ಫಿಲ್ಟರ್ ನೀರು ಹಿಡಿಯುವ ಘಟಕದ ಮುಂದೆ ಸೊಣ್ಣಪ್ಪ ಕ್ಯಾನುಗಳನ್ನು ಸಾಲಾಗಿ ಇಟ್ಟು ನಿಂತ. ನಾಗೇಶನ ದಿನಸಿ ಅಂಗಡಿಯಲ್ಲಿ ಕಲ್ಲುಪ್ಪಿನ ಮೂಟೆ ತೆಗೆದುಕೊಂಡು, ಯಾರೂ ಕೇಳದಿದ್ದರೂ "ಉಪ್ಪಿನಕಾಯಿಗೆ" ಎಂದ. ಎರಡನೆಯ ಮೂಟೆಗೂ "ಉಪ್ಪಿನಕಾಯಿಗೆ" ಎಂದ. ಆ ತಿಂಗಳಲ್ಲಿ ಮಾವಿನಕಾಯಿ ಎಲ್ಲಿಂದ ಬಂತೆಂದು ನಾಗೇಶ ಯೋಚಿಸುತ್ತಾ ಕೂತ. ಡೈರಿ ಮುಚ್ಚಿದ ಮೇಲೆ ಲ್ಯಾಕ್ಟೋಮೀಟರನ್ನು ಟವೆಲಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಒಯ್ಯುವುದು, ಮೂಲೆಕೋಣೆಯ ಬಾಗಿಲು ಹಾಕಿಕೊಳ್ಳುವುದು, ಡ್ರಮ್ಮಿನಲ್ಲಿ ಉಪ್ಪು ಕದಡುವುದು, ಕಡ್ಡಿ ಬಿಡುವುದು.

ಪಕ್ಕದ ಮನೆಯ ಕವಿತ ಕರಿಬೇವು ಕೇಳುವ ನೆಪದಲ್ಲಿ ಬಂದು ಕಿಟಕಿಯಲ್ಲಿ ಇಣುಕಿದಳು. ಕಂಡದ್ದನ್ನು ಡೈರಿಯ ಮುಂದಿನ ಕಟ್ಟೆಗೆ ಹೋಗಿ, ಕರಿಬೇವನ್ನೂ ಮರೆತು, ಹೇಳಿದಳು.

"ಡ್ರಮ್ಮಿನಾಗೆ ನೀರು ತುಂಬ್ಕೊಂಡವ್ನೆ. ಉಪ್ಪು ಸುರೀತಾನೆ, ಕಲಕ್ತಾನೆ, ಆಲಿನ ಕಡ್ಡಿ ಬಿಟ್ಟು ನೋಡ್ತಾನೆ. ಡಿಗ್ರಿ ಬಂದೇಟ್ಗೆ ಒಬ್ಬೊಬ್ನೇ ನಗ್ತಾನೆ!"

ಹಾಲು ಕರೆಯುವ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಹಾಕಿದರೆ ಕಡ್ಡಿ ಮುಳುಗುತ್ತದೆ. ಉಪ್ಪು ಹಾಕಿದರೆ ಮತ್ತೆ ಏಳುತ್ತದೆ. ಕಳ್ಳಹಾಲಿನ ವಿದ್ಯೆಯಲ್ಲಿ ಇದು ಒಂದನೇ ಪಾಠ.

"ಬೇಲಿಯೇ ಎದ್ದು ಒಲ ಮೇಯ್ದಂಗಾಯ್ತು," ಎಂದ ಬಚ್ಚಪ್ಪ, ಎದೆಯ ಮೇಲೆ ಕೈಯಿಟ್ಟು. ಅವನ ದನಿಯಲ್ಲಿ ದುಃಖಕ್ಕಿಂತ ಬೇರೇನೋ ಇತ್ತು. "ನಮ್ಮ ಆಲು ತಕ್ಕೊಂಡು, ಅದ್ಕೆ ಉಪ್ಪುನೀರು ಸೇರಿಸಿ, ಒಕ್ಕೂಟಕ್ಕೂ ಕಳಿಸ್ತಾವ್ನೆ, ಊರಿಗೂ ಮಾರ್ತಾವ್ನೆ. ಉಳಿದ ಆಲು ಬ್ಯಾರೆ ಕಡೆ ಓಗ್ತಾ ಐತೆ."

"ಆದ್ರೂ ಒಂದು ಒಪ್ಕಬೇಕಪ್ಪ," ಎಂದ ನಾಗೇಶ ಗಂಭೀರವಾಗಿ. "ಬೋರ್ ನೀರು ಆಕಿಲ್ಲ. ಫಿಲ್ಟರ್ ನೀರೇ ಆಕಿದಾನೆ. ನಿಯತ್ತಿನ ಮನುಷ್ಯ."

ಡೈರಿಯ ಅಧ್ಯಕ್ಷ ಕೋದಂಡಪ್ಪ ವಯಸ್ಸಾದವನು, ಜಗಳವೆಂದರೆ ದೂರ ಸರಿಯುವವನು. ಮೊದಲು ತಾನೇ ಹೋಗಿ ಬುದ್ಧಿ ಹೇಳುತ್ತೇನೆಂದು ಸಂಜೆ ಸೊಣ್ಣಪ್ಪನ ಜಗಲಿಗೆ ಬಂದ. ಸೊಣ್ಣಪ್ಪನಿಗೋ ಎರಡು ದಿನದಿಂದ ಊರವರು ತನ್ನನ್ನು ಕಂಡು ಪಿಸುಗುಟ್ಟುವುದು ಗೊತ್ತಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ.

"ಸೊಣ್ಣಪ್ಪ, ಊರಾಗೆ ಮಾತಾಡ್ಕತಾವ್ರೆ. ಮನೇಲಿ ಏನೋ ಮಾಡ್ತಾ ಇದ್ದೀಯಂತೆ."

"ಗೊತ್ತಾಗೋಯ್ತಾ ಅಣ್ಣಾ?"

"ಅಂದ್ರೆ ನಿಜಾನಾ?"

"ನಿಜಾನೇ. ಏನ್ ಮಾಡ್ಲಿ? ನಮ್ಮ ಸುಧಾಕರ್ ಮುಂದೆ ನಾನೂ ತಲೆ ಎತ್ಕೊಂಡು ಓಡಾಡ್ಬೇಕಲ್ಲಾ."

"ಅದಕ್ಕೆ ಈ ಕೆಲ್ಸಾನೇನಪ್ಪಾ?"

"ಪಟ್ಣದಾಗೆ ದೊಡ್ಡ ದೊಡ್ಡೋರೆಲ್ಲ ಮಾಡ್ತಾರಣ್ಣ. ಯಾರೂ ತಪ್ಪು ತಿಳ್ಕಳಲ್ಲ."

"ಉಪ್ಪು ಬ್ಯಾರೆ ಆಕ್ತೀಯಂತೆ?"

"ಉಪ್ಪಿಲ್ದೆ ಎಂಗಾಗ್ತದೆ? ಡಿಗ್ರಿ ಬರ್ಬೇಕಲ್ಲ!"

ಕೋದಂಡಪ್ಪ ಜಗಲಿಯ ಕಂಬ ಹಿಡಿದುಕೊಂಡ. "ಮಕ್ಕಳು ಮರಿ ಇರೋ ಊರು ಕಣಪ್ಪಾ. ಏನಾರಾ ಎಚ್ಚುಕಮ್ಮಿ ಆದ್ರೆ?"

"ಮಕ್ಕಳನ್ನ ಅತ್ರಕ್ಕೇ ಬಿಡಲ್ಲಣ್ಣ. ಈ ಭಾನುವಾರ ನಮ್ಮ ಮಾವ ಬತ್ತಾರೆ. ಅವ್ರು ಒಂದ್ಸಲ ನೋಡಿ ಭೇಷ್ ಅಂದ್ಬಿಟ್ರೆ ನನ್ನ ಜನ್ಮ ಸಾರ್ಥಕ."

"ನಿಮ್ಮ ಮಾವಾನಾ? ಎಡ್‌ಮಾಸ್ಟ್ರೂ ಇದ್ರಾಗೆ ಅವ್ರಾ!"

"ಅವ್ರಿಗೋಸ್ಕರಾನೇ ಅಲ್ವಾ ಶುರು ಮಾಡಿದ್ದು. ಅಣ್ಣಾ, ನಿಮ್ಗೂ ಒಂದು ಮಾಡ್ಕೊಡ್ಲಾ? ಸಣ್ಣದಾಗಿ?"

ಕೋದಂಡಪ್ಪ ಜಗಲಿಯಿಂದ ಇಳಿದ ರಭಸಕ್ಕೆ ಚಪ್ಪಲಿ ಅಲ್ಲೇ ಉಳಿಯಿತು. ಪಾಪ, ಸಮುದ್ರ ಎಂದರೆ ಮುದುಕರಿಗೆ ಭಯ ಎಂದುಕೊಂಡು ಸೊಣ್ಣಪ್ಪ ಚಪ್ಪಲಿಯನ್ನು ಒಂದು ಪಕ್ಕಕ್ಕೆ ಇಟ್ಟ. ಆ ಕಡೆ ಬಚ್ಚಪ್ಪ ಒಕ್ಕೂಟಕ್ಕೆ ಫೋನು ಹಚ್ಚಿಯಾಗಿತ್ತು.

ಭಾನುವಾರ ಬಂತು. ಬೆಳಿಗ್ಗೆಯಿಂದ ಸೊಣ್ಣಪ್ಪನ ಸಮುದ್ರ ತಿಳಿಯಾಗಿ ನಿಂತಿತ್ತು. ತಳದಲ್ಲಿ ಕಲ್ಲುಗುಟ್ಟೆಯಿಂದ ಹೊತ್ತು ತಂದ ಬಂಡೆ, ಮೇಲೆ ನೀಲಿ ದೀಪ. ಮೀನು, ಹವಳ ಎರಡೂ ಚೆನ್ನೈ ರೈಲಿನಲ್ಲಿ ಬರುತ್ತಿದ್ದವು; ಮುನೇಶ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿಸಿಕೊಂಡು ಬೈಕಿನಲ್ಲಿ ತರುವುದೆಂದು ಮಾತಾಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಸೊಣ್ಣಪ್ಪನಿಗೆ ಸುಣ್ಣದ ನೆನಪಾಯಿತು. ಮುನೇಶ ಹೇಳಿದ್ದು ಸುಣ್ಣದ ತಿಳಿ, ಅದೂ ಚಮಚದಲ್ಲಿ. ಆದರೆ ನಾಲ್ಕು ವರ್ಷದಿಂದ ಹಾಕದೆ ಬಾಕಿ ಉಳಿದ ಸುಣ್ಣವನ್ನು ಚಮಚದಲ್ಲಿ ಹಾಕಿದರೆ ಮುಗಿಯುವುದು ಯಾವಾಗ? ಹಬ್ಬಕ್ಕೆ ಗೋಡೆಗೆ ಬಳಿದು ಉಳಿದಿದ್ದ ಸುಣ್ಣ ಬಕೆಟ್ಟಿನಲ್ಲಿತ್ತು. ಅಷ್ಟನ್ನೂ ಸುರಿದ.

ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಮುದ್ರ ಹಾಲಾಯಿತು. ಬಂಡೆ ಕಾಣದು, ತಳ ಕಾಣದು, ಈ ಕಡೆಯಿಂದ ಆ ಕಡೆಗೆ ಬರೀ ಬೆಳ್ಳನೆಯ ಬಿಳುಪು. ಗಾಬರಿಯಲ್ಲಿ ಸೊಣ್ಣಪ್ಪನಿಗೆ ತಿಳಿದದ್ದು ಒಂದೇ ವಿದ್ಯೆ: ಲ್ಯಾಕ್ಟೋಮೀಟರ್ ಬಿಟ್ಟು ನೋಡಿದ. ಅದು ಆ ಬಿಳಿಯ ನಡುವೆ ತಲೆಯೆತ್ತಿ, ಜಾತಿಹಸುವಿನ ಗಟ್ಟಿ ಹಾಲಿನಲ್ಲಿ ನಿಂತಂತೆ ನಿಂತಿತು.

ಆಗಲೇ ಬಾಗಿಲು ಬಡಿದದ್ದು. ತೆಗೆದರೆ ಒಕ್ಕೂಟದ ಅಧಿಕಾರಿ ಶ್ರೀಧರ್, ಕೈಯಲ್ಲಿ ಪರೀಕ್ಷೆಯ ಪೆಟ್ಟಿಗೆ. ಹಿಂದೆ ಕೋದಂಡಪ್ಪ, ಬರಿಗಾಲಿನಲ್ಲಿ. ಅವನ ಹಿಂದೆ ಬಚ್ಚಪ್ಪ, ನಾಗೇಶ, ಕವಿತ, ಮತ್ತು ಆ ದಿನ ಊರಿನಲ್ಲಿ ಎದ್ದು ನಡೆಯಬಲ್ಲವರೆಲ್ಲ. ಯಾರೋ ಮೂಲೆಕೋಣೆಯ ಬಾಗಿಲನ್ನು ತಳ್ಳಿದರು. ನೀಲಿ ದೀಪದ ಕೆಳಗೆ ಗಾಜಿನ ತೊಟ್ಟಿಯ ತುಂಬ ನೊರೆನೊರೆ ಬಿಳಿ, ಅದರಲ್ಲಿ ಡೈರಿಯ ಲ್ಯಾಕ್ಟೋಮೀಟರ್, ಸುತ್ತ ಉಪ್ಪಿನ ಮೂಟೆ, ನೀರಿನ ಕ್ಯಾನು. ಗುಂಪು ಒಂದೇ ಬಾರಿ ಉಸಿರೆಳೆದುಕೊಂಡಿತು.

"ಆಲಿನ ಫ್ಯಾಕ್ಟ್ರೀನೇ ಇಕ್ಕಿದಾನಲ್ಲೋ ದೇವರೇ!" ಎಂದಳು ಕವಿತ.

"ಇದು ಹಾಲಲ್ಲ ಸಾರ್," ಎಂದ ಸೊಣ್ಣಪ್ಪ. "ಬೆಳ್ಳಗಿರೋದೆಲ್ಲ ಹಾಲಲ್ಲ."

"ಅದೇ ನಮ್ಮ ದೂರು ಕೂಡ," ಎಂದರು ಶ್ರೀಧರ್. ಕಡ್ಡಿಯ ಗೆರೆ ನೋಡಿ ಹುಬ್ಬೇರಿಸಿದರು. "ಡಿಗ್ರಿ ಸರಿಯಾಗಿ ಬಂದಿದೆ. ಕೈಗುಣ ಚೆನ್ನಾಗಿದೆ ನಿಮ್ಮದು. ಹಾಲಲ್ಲ ಅಂದ್ರೆ ಏನಿದು?"

"ಸಮುದ್ರ ಸಾರ್."

ಇಂಥ ಉತ್ತರಕ್ಕೆ ಒಕ್ಕೂಟದ ತರಬೇತಿಯಲ್ಲಿ ಏನೂ ಹೇಳಿಕೊಟ್ಟಿರಲಿಲ್ಲ. ಶ್ರೀಧರ್ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಕಾರಿನ ಹಾರನ್ನು ಕೇಳಿಸಿತು. ಸುಧಾಕರನ ತೋಳು ಹಿಡಿದು ಸುಬ್ಬರಾಯಪ್ಪನವರು ಒಳಗೆ ಬಂದರು. ಊರಿಗೂರೇ ನೆರೆದದ್ದನ್ನು ನೋಡಿ ಅವರ ಮುಖ ಅರಳಿತು. "ಇಷ್ಟು ಜನ ನೋಡೋಕೆ ಬರ್ತಾರಾ ಅಳಿಯಂದ್ರೇ! ಎಲ್ಲಿ, ಎಲ್ಲಿ ಸಮುದ್ರ?"

"ಈ ತೊಟ್ಟಿ ಇಲ್ಲಿ ಎಷ್ಟು ದಿನದಿಂದ ಇದೆ?" ಎಂದು ಕೇಳಿದರು ಶ್ರೀಧರ್.

ಎದುರಿಗೆ ಮಾವ, ಕೋಲಿನ ಮೇಲೆ ಎರಡೂ ಕೈಯಿಟ್ಟು, ಕಿವಿ ಕೊಟ್ಟು ನಿಂತಿದ್ದರು. ಸೊಣ್ಣಪ್ಪನ ಬಾಯಿ ಅವನನ್ನು ಕೇಳದೆಯೇ ಹೇಳಿಬಿಟ್ಟಿತು: "ನಾಲ್ಕು ವರ್ಷದಿಂದ ಸಾರ್."

"ನಾಲ್ಕು ವರ್ಷ!" ಎಂದು ಊರು ಕೂಗಿತು. "ನಾಲ್ಕು ವರ್ಷದಿಂದ ಈ ಆಲು ಕುಡೀತಾ ಇದೀವಾ!" ನಾಗೇಶ ತನ್ನ ಕೂದಲು ಉದುರಿದ್ದು ಯಾವಾಗಿನಿಂದ ಎಂದು ಲೆಕ್ಕ ಹಾಕಿದ. ಒಬ್ಬಾಕೆ ತನ್ನ ಮಗ ಎಸ್ಸೆಸ್ಸೆಲ್ಸಿಯಲ್ಲಿ ಮತ್ತೆ ಮತ್ತೆ ಫೇಲಾದದ್ದಕ್ಕೆ ಈಗ ಕಾರಣ ಸಿಕ್ಕಿತೆಂದಳು. ಬಚ್ಚಪ್ಪ ಮುಂದೆ ಬಂದ. "ನನ್ನ ಆಲು ವಾಪಸ್ ಕಳ್ಸೋವಾಗ ಮನೇಲಿ ಇದನ್ನ ಇಕ್ಕಂಡಿದ್ಯಾ ಸೆಕ್ರೆಟ್ರಿ? ನಾನು ತಲೆ ತಗ್ಗಿಸ್ಕೊಂಡು ಓದೆ ಕಣಯ್ಯಾ, ನಿನ್ನ ಮಾತು ನಂಬಿ."

ಆ ಮಾತು ಸೊಣ್ಣಪ್ಪನಿಗೆ ನಾಟಿತು. "ಇಲ್ಲ, ಇಲ್ಲ. ಒಂದು ತಿಂಗಳಾಯ್ತು ಅಷ್ಟೇ" ಎಂದ.

"ಒಂದು ತಿಂಗಳಾ?" ಎಂದ ಸುಧಾಕರ ಹಿಂದಿನಿಂದ. "ಅಣ್ಣಾ, ನಮ್ಮ ಗೃಹಪ್ರವೇಶದಲ್ಲಿ ನಾಲ್ಕು ವರ್ಷ ಅಂದ್ರಲ್ಲ?"

ಅತ್ತ ದರಿ, ಇತ್ತ ಪುಲಿ. ನಾಲ್ಕು ವರ್ಷ ಎಂದರೆ ಊರಿನ ಮುಂದೆ ಹಾಲುಗಳ್ಳ, ಒಂದು ತಿಂಗಳು ಎಂದರೆ ಮಾವನ ಮುಂದೆ ಸುಳ್ಳುಗಾರ. ಇಷ್ಟು ವರ್ಷ ಇನ್ನೊಬ್ಬರ ಹಾಲಿನ ಸತ್ಯ ನೋಡಿದ ಮನುಷ್ಯ ಈಗ ತನ್ನ ಸತ್ಯವನ್ನು ಹೇಳಬೇಕಾಯಿತು. ಕೊನೆಗೆ ನೆಲ ನೋಡುತ್ತಾ ಹೇಳಿದ:

"ಸುಳ್ಳು ಏಳ್ದೆ ಮಾವ. ಸುಧಾಕರ್ ಮನೆ ಮೀನು ನೋಡಿ ಒಟ್ಟೆ ಉರೀತು. ಆವತ್ತು ನಮ್ಮನೇಲಿ ಒಂದು ಮೀನಿನ ಮುಳ್ಳೂ ಇರ್ಲಿಲ್ಲ. ಆಡಿದ ಮಾತು ಉಳಿಸ್ಕೊಳ್ಳೋಕೆ ಇಷ್ಟೆಲ್ಲ ಮಾಡ್ದೆ. ಇದು ಸಮುದ್ರದ ಮೀನಿನ ತೊಟ್ಟಿ. ಊರ ಹಾಲಿಗೆ ನಾನು ಒಂದು ಅರಳು ಉಪ್ಪೂ ಆಕಿಲ್ಲ."

ಹೇಳಿ ಮುಗಿಸಿದಾಗ ಅವನಿಗೆ ಇಡೀ ಊರಿನ ಮುಂದೆ ಪಂಚೆ ಬಿಚ್ಚಿ ಬಿದ್ದಂತಾಗಿತ್ತು. ಸುಬ್ಬರಾಯಪ್ಪನವರು ಅವನಿಂದ ಮುಖ ತಿರುಗಿಸಿ ನೀಲಿ ದೀಪವನ್ನು ನೋಡತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು.

"ಮೀನಿನ ತೊಟ್ಟಿಯಾದ್ರೆ ಮೀನೆಲ್ಲಿ?" ಎಂದು ಕೇಳಿದರು ಶ್ರೀಧರ್.

"ಬಂಗಾರಪೇಟೆ ಸ್ಟೇಷನ್ನಾಗೆ ಐತೆ ಸಾರ್."

ಸಮುದ್ರ ಮನೆಯಲ್ಲಿ, ಮೀನು ರೈಲ್ವೆ ಸ್ಟೇಷನ್ನಿನಲ್ಲಿ. ಗುಂಪಿನಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನಗದಿದ್ದವನು ಬಚ್ಚಪ್ಪ ಮಾತ್ರ. "ನೋಡೇ ಬಿಡಾನ" ಎಂದು ತೊಟ್ಟಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ. ಮರುಕ್ಷಣ ಅವನ ಕಣ್ಣು, ಮೂಗು, ಬಾಯಿ ಮೂರೂ ಒಂದೇ ಕಡೆ ಸೇರಿದವು. "ಥೂ! ಥೂ! ನಾಲಿಗೆ ಸುಟ್ಟೋಯ್ತು!" ಎಂದು ಹೊರಗೆ ಓಡಿದವನು ಬಾಗಿಲಲ್ಲಿ ಮುನೇಶನಿಗೆ ಡಿಕ್ಕಿ ಹೊಡೆದ. ಮುನೇಶನ ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಕಿತ್ತಳೆ ಬಣ್ಣದ ಒಂದು ಸಣ್ಣ ಮೀನು, ಇನ್ನೊಂದರಲ್ಲಿ ಬೆರಳುದ್ದದ ಹವಳ. ಇಬ್ಬರೂ ಪ್ರಯಾಣದಿಂದ ಬಳಲಿದ್ದರು.

ಮುನೇಶ ತೊಟ್ಟಿ ನೋಡಿ ನಿಂತಲ್ಲೇ ನಿಂತ. "ಎನ್ನಣ್ಣಾ ಇದು! ಚಮಚ ಅಂದ್ರೆ ಬಕೆಟ್ಟಾ? ಇದ್ರಾಗೆ ಬಿಟ್ರೆ ಮೀನು ಸಾರಿಗೂ ಬರಲ್ಲ." ಮೀನನ್ನು ಎದೆಗೆ ಅವಚಿಕೊಂಡು, ಇದನ್ನು ತಾನು ವಾಪಸ್ ಒಯ್ಯುವುದಾಗಿಯೂ ಇಂಥವರ ಕೈಗೆ ಕೊಡಲಾರೆನೆಂದೂ ಅಲ್ಲಿಯೇ ಸಾರಿದ. ಮೀನಿನಿಂದಲೂ ತಿರಸ್ಕೃತನಾದ ಸೊಣ್ಣಪ್ಪ ತಲೆ ಎತ್ತಲಿಲ್ಲ.

ಆದರೆ ಮೀನು ಕಂಡಿತಲ್ಲ, ಊರಿನ ಕೋಪ ಇಳಿಯಿತು. ಶ್ರೀಧರ್ ಡೈರಿಯ ಕ್ಯಾನಿನಿಂದ ಬಾಟಲಿಯಲ್ಲಿ ತಂದಿದ್ದ ಹಾಲಿಗೆ ಎರಡು ಶೀಷೆಯ ಔಷಧ ಹಾಕಿ ಎಲ್ಲರಿಗೂ ಹಿಡಿದು ತೋರಿಸಿದರು. ಉಪ್ಪಿದ್ದರೆ ಹಳದಿಯಾಗಬೇಕಿದ್ದದ್ದು ಇಟ್ಟಿಗೆಯ ಕೆಂಪಾಯಿತು. "ಹಾಲಿನಲ್ಲಿ ಉಪ್ಪಿಲ್ಲ. ಕಾರ್ಯದರ್ಶಿಗಳ ಮೇಲಿನ ದೂರಿನಲ್ಲಿ ಹುರುಳಿಲ್ಲ. ಡೈರಿಯ ಕಡ್ಡಿಯನ್ನ ಮಾತ್ರ ಇನ್ನು ಮನೆಗೆ ತರಬೇಡಿ" ಎಂದರು. ಕೋದಂಡಪ್ಪ ಕಣ್ಣೊರೆಸಿಕೊಂಡು ತನ್ನ ಚಪ್ಪಲಿ ಹಾಕಿಕೊಂಡ.

ಅಷ್ಟಕ್ಕೆ ಕೈಮುಗಿದು ಎಲ್ಲರನ್ನೂ ಕಳಿಸಿದ್ದರೆ ಅವನನ್ನು ಸೊಣ್ಣಪ್ಪ ಎಂದು ಯಾರು ಕರೆಯುತ್ತಿದ್ದರು? ಹೋದ ಮಾನದಲ್ಲಿ ಅರ್ಧ ತಿರುಗಿ ಬಂದದ್ದೇ ಅವನಿಗೆ ಪೂರ್ತಿ ಬೇಕೆನ್ನಿಸಿತು, ಅದೂ ಮಾವ ಕಾರು ಹತ್ತುವುದರೊಳಗೆ. ಎದೆಯುಬ್ಬಿಸಿ ಹೇಳಿದ:

"ಇಷ್ಟು ಸಾಲ್ದು ಸಾರ್. ಮಾವನ ಮುಂದೆ ಒಂದು ಸುಳ್ಳು ಏಳಿರಬೌದು, ಆಲಿನ ವಿಷಯದಾಗೆ ಈ ಮನೇಲಿ ಸುಳ್ಳಿಲ್ಲ. ನಮ್ಮನೆ ಆಲಿಗೆ ಇಷ್ಟು ವರ್ಷ ಕಡ್ಡಿ ಬಿಟ್ಟಿಲ್ಲ, ಯಾಕಂದ್ರೆ ಬಿಡೋ ಅಗತ್ಯಾನೇ ಇರ್ಲಿಲ್ಲ. ಇವತ್ತು ಎಲ್ರ ಮುಂದೆ ಬಿಡಿ. ಮಂಗಾ, ಸಂಜೆಗೆ ಕರೆದಿಟ್ಟಿರೋ ಆಲು ತಕ್ಕಂಬಾ!"

ಅಡುಗೆಮನೆಯ ಬಾಗಿಲಲ್ಲಿ ಮಂಗಮ್ಮ ಕಣ್ಸನ್ನೆ ಮಾಡಿದಳು, ತಲೆಯಾಡಿಸಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡನ ಪೌರುಷ ಕಂಡು ಹೆಂಡತಿಗೆ ಅಳು ಉಕ್ಕಿಬಂದಿದೆ ಎಂದುಕೊಂಡ ಸೊಣ್ಣಪ್ಪ ತಾನೇ ಹೋಗಿ ಕ್ಯಾನು ಎತ್ತಿ ತಂದ. ಶ್ರೀಧರ್ ತಮ್ಮ ಪೆಟ್ಟಿಗೆಯಿಂದ ಬೇರೆ ಲ್ಯಾಕ್ಟೋಮೀಟರ್ ತೆಗೆದು ಹಾಲಿಗೆ ಬಿಟ್ಟರು.

ಕಡ್ಡಿ ಮುಳುಗಿತು.

ಶ್ರೀಧರ್ ಅದನ್ನು ಎತ್ತಿ, ಒರೆಸಿ, ಮತ್ತೆ ಬಿಟ್ಟರು. ಮತ್ತೆ ಮುಳುಗಿತು. ಸೊಣ್ಣಪ್ಪ ಹೆಂಡತಿಯ ಕಡೆ ತಿರುಗಿದ. ಮಂಗಮ್ಮ ಅಪ್ಪನ ಕಡೆ ತಿರುಗಿದಳು.

"ಬರೀ ಆಲು ಒಸ್ಲು ದಾಟಿಸಿದ್ರೆ ಅಸೀನ ಕೆಚ್ಚಲಿಗೆ ದೃಷ್ಟಿ ಆಗ್ತದೆ, ಒಂಚೂರು ನೀರು ಸೋಕಿಸ್ಬೇಕು ಅಂತ ಅಮ್ಮ ಏಳ್ಕೊಟ್ಟಿದ್ಳು. ನಮ್ಮ ತೌರುಮನೆ ಪದ್ಧತಿ ಅಲ್ವಾ ಅಪ್ಪಾ?"

ಸುಬ್ಬರಾಯಪ್ಪನವರು ಗಂಟಲು ಸರಿಮಾಡಿಕೊಂಡರು. ಊರೆಲ್ಲ ಈಗ ಅವರ ಕಡೆ ನೋಡುತ್ತಿತ್ತು. "ಪದ್ಧತಿ ಹೌದಮ್ಮಾ. ಆದ್ರೆ ಅದು ಒಂದು ಹನಿ."

"ಮೊದ್ಲು ಅನೀನೇ ಆಕ್ತಿದ್ದೆ. ಇವ್ರು ಸೆಕ್ರೆಟ್ರಿ ಆದ್ಮೇಲೆ ಊರ ಕಣ್ಣು ಜಾಸ್ತಿ ಆಯ್ತು. ಅದ್ಕೆ ಒಂದು ಚೊಂಬು ಮಾಡ್ದೆ."

ದೀಪದ ಬುಡದಲ್ಲಿ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅಷ್ಟು ವರ್ಷ ಊರಿನ ಹಾಲಿನಲ್ಲಿ ನೀರು ಹುಡುಕಿದವನ ಕೈಯಿಂದಲೇ ದಿನಕ್ಕೆ ಎರಡು ಚೊಂಬು ನೀರು ಡೈರಿಗೆ ಹೋಗಿತ್ತು. ಚಿಕ್ಕಪ್ಪನ ಮುಖ, ಬಚ್ಚಪ್ಪನ ಮುಖ, ಕ್ಯಾನು ಹೊತ್ತು ತಲೆ ತಗ್ಗಿಸಿ ಹೋದ ಎಲ್ಲರ ಮುಖವೂ ಸೊಣ್ಣಪ್ಪನ ಕಣ್ಣ ಮುಂದೆ ಬಂದವು. ಸುಳ್ಳು ಹೇಳಿ ಸಿಕ್ಕಿಬಿದ್ದಾಗ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲ ಎನ್ನಿಸಿತು. ಅದನ್ನು ಅವನೇ ಮಾಡಿಕೊಂಡಿದ್ದ. ಇದು ಮಾತ್ರ ಅವನಿಗೆ ಗೊತ್ತೇ ಇರಲಿಲ್ಲ, ಗೊತ್ತುಮಾಡಿಕೊಳ್ಳುವ ಕೆಲಸಕ್ಕೇ ಊರು ಅವನನ್ನು ಇಟ್ಟಿತ್ತು.

ಆಶ್ಚರ್ಯವೆಂದರೆ ಯಾರೂ ಕೂಗಾಡಲಿಲ್ಲ. ಬಾಯಿ ತೊಳೆದುಕೊಂಡು ಬಂದ ಬಚ್ಚಪ್ಪ ಬಾಗಿಲಲ್ಲಿ ನಿಂತು, ತನ್ನ ನೆರಳಿಗೆ ಹೇಳುವವನಂತೆ, "ಓಗ್ಲಿ ಬಿಡಿ ಸೆಕ್ರೆಟ್ರಿಗಳೇ, ಎಣ್ಣುಮಕ್ಳು, ಏನೋ ಶಾಸ್ತ್ರ" ಎಂದ. ಆ ದಯೆಯನ್ನು ತಾಳುವುದು ಸೊಣ್ಣಪ್ಪನಿಂದ ಆಗಲಿಲ್ಲ.

"ಈ ಆಲು ವಾಪಸ್ ಸಾರ್. ಇದನ್ನ ಡೈರಿಗೆ ತಕ್ಕಳಲ್ಲ," ಎಂದು ತಾನೇ ತೀರ್ಪು ಕೊಟ್ಟು, ಕ್ಯಾನನ್ನು ಗುಂಪಿನ ನಡುವೆಯೇ ಹೊತ್ತು ಕೊಟ್ಟಿಗೆಗೆ ಹೋದ. ಸುಬ್ಬರಾಯಪ್ಪನವರು ಕೋಲೂರಿಕೊಂಡು ಅವನ ಹಿಂದೆಯೇ ಬಂದು, ಹಸುವಿನ ಬೆನ್ನ ಮೇಲೆ ಕೈಯಾಡಿಸಿದರು. "ನಮ್ಮ ಮನೇಲೂ ಅದು ಹನಿಯಾಗಿ ಉಳಿದಿರಲಿಲ್ಲ ಅಳಿಯಂದ್ರೇ," ಎಂದರು ಮೆಲ್ಲಗೆ, "ಇದನ್ನ ಸುಧಾಕರನಿಗೆ ಹೇಳಬೇಡಿ." ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಒಳಗೆ ಬಂದರು.

ಮಾರನೆಯ ಬೆಳಿಗ್ಗೆ ಡೈರಿ ತೆರೆದಾಗ ಕಡ್ಡಿ ಬಚ್ಚಪ್ಪನ ಕೈಯಲ್ಲಿತ್ತು. ಸೊಣ್ಣಪ್ಪನ ಮನೆಯ ಹಾಲನ್ನು ಇನ್ನು ಮೇಲೆ ಅವನೇ ನೋಡಬೇಕೆಂದು ಸೊಣ್ಣಪ್ಪನೇ ಹೇಳಿ ಕೊಟ್ಟಿದ್ದ. ಹೇಳಿದವನು ಕ್ಯಾನು ಹಿಡಿದು ಎಲ್ಲರ ಹಿಂದೆ ಸಾಲಿನಲ್ಲಿ ನಿಂತ. ಮಂಗಮ್ಮ ಹಾಲು ಕರೆಯುವಾಗ ಅವನು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಕಣ್ಣಾರೆ ನೋಡಿದ್ದ. ಒಂದು ಹನಿಯೂ ಬಿದ್ದಿರಲಿಲ್ಲ. ಆದರೂ ಸರದಿ ಹತ್ತಿರವಾದಂತೆ ಕ್ಯಾನಿನ ಮುಚ್ಚಳ ತೆಗೆದು ತೆಗೆದು ನೋಡಿಕೊಂಡ. ಬಚ್ಚಪ್ಪ ಹಾಲು ಸುರಿದುಕೊಂಡು, ಕಡ್ಡಿ ಬಿಟ್ಟು, ಬಗ್ಗಿ, ಕಣ್ಣು ಕಿರಿದು ಮಾಡಿ ಗೆರೆಯನ್ನು ನೋಡುತ್ತಲೇ ಇದ್ದ. ಒಂದು ಗೆರೆ ನೋಡಲು ಇಷ್ಟು ಹೊತ್ತು ಬೇಕೇ? ತಾನೂ ಇಷ್ಟೇ ಹೊತ್ತು ತೆಗೆದುಕೊಳ್ಳುತ್ತಿದ್ದೆನೇ ಎಂದು ಸುತ್ತ ನಿಂತವರನ್ನು ಕೇಳಬೇಕೆನ್ನಿಸಿತು ಸೊಣ್ಣಪ್ಪನಿಗೆ. ನಾಚಿಕೆಯಾಗಿ, ಕೇಳಲಿಲ್ಲ.